ಮೆಹರಾಜಬೇಗಂ ಮಾಡಿಸಿದ ಪಂಚನಾಮೆ

ಹಿರೋಳ್ಳಿಯಲ್ಲಿ ಯಾರ ಮನೆಯ ಎಮ್ಮೆ ಈಯಲು ತಿಣುಕಾಡಿದರೂ, ಯಾರ ಮಗಳ ಮದುವೆಯ ಕುಪ್ಪಸ ಬಿಗಿಯಾದರೂ ಕರೆ ಹೋಗುವುದು ಒಂದೇ ಮನೆಗೆ. ಅದು ಮೆಹರಾಜಬೇಗಂಳ ಮನೆ. ಹದಿನಾರು ವರ್ಷ ಹೊಲಿಗೆ ಮಷಿನ್ ತುಳಿದ ಈ ಹೆಂಗಸು ನಾಲ್ಕು ವರ್ಷದ ಹಿಂದೆ ಪಶುಸಖಿಯಾದಳು. ಮಹಿಳಾ ಸಂಘದ ಸಭೆಯಲ್ಲಿ "ದನಗಳ ಕೆಲಸಕ್ಕ ಒಬ್ಬರು ಬೇಕು, ಟ್ರೇನಿಂಗ್ ಕೊಡ್ತೇವಿ" ಎಂದಾಗ ಉಳಿದವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರೆ ಈಕೆ ಮಾತ್ರ ಕೈ ಎತ್ತಿದಳು. ಯಾಕೆ ಎತ್ತಿದೆ ಎಂದು ಗಂಡ ಬುರಾನುದ್ದೀನ ಕೇಳಿದ್ದಕ್ಕೆ, "ಮನಷ್ಯಾರ ಅಳತಿ ತಗೊಂಡು ತಗೊಂಡು ಬ್ಯಾಸರಾಗ್ಯದ" ಎಂದಳಂತೆ.

ಅಳತೆಯ ಚಟ ಮಾತ್ರ ಬಿಡಲಿಲ್ಲ. ದನದ ಎದೆಸುತ್ತು ಅಳೆದರೆ ತೂಕದ ಅಂದಾಜು ಸಿಗುತ್ತದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದೇ ಸಾಕಾಯಿತು. ಅರವತ್ತು ಇಂಚಿನ ಟೇಪು ಆಕಳ ಎದೆಗೆ ಸಾಲದೆಂದು ಎರಡು ಟೇಪು ಜೋಡಿಸಿ ಹೊಲಿದಳು. ಕಾಲುಬಾಯಿ ಬೇನೆಯ ಲಸಿಕೆಗೆ ವರ್ಷಕ್ಕೆರಡು ಸಲ ಡಾಕ್ಟರ ಹಿಂದೆ ಮನೆಮನೆ ತಿರುಗುವಾಗ, ಕಿವಿಯ ಹಳದಿ ಬಿಲ್ಲೆಯ ನಂಬರಿನ ಜೊತೆಗೆ ಪ್ರತಿ ದನದ ಎದೆಸುತ್ತನ್ನೂ ಬರೆದಿಟ್ಟಳು. ಬರೆದದ್ದು ಕುಪ್ಪಸದ ಅಳತೆಯ ಅದೇ ನೋಟುಬುಕ್ಕಿನಲ್ಲಿ. ಎಡ ಪುಟದಲ್ಲಿ ಊರಿನ ಹೆಂಗಸರು, ಬಲ ಪುಟದಲ್ಲಿ ಊರಿನ ದನಗಳು. ಆ ಪುಸ್ತಕ ಯಾರ ಕೈಗೂ ಸಿಗದಂತೆ ಆಕೆ ಯಾಕೆ ಕಾಯುತ್ತಿದ್ದಳೆಂದು ಬೇರೆ ಹೇಳಬೇಕಿಲ್ಲ.

ಆಕೆಯ ಸ್ವಭಾವದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಒಂದು, ಸಿಟ್ಟು ಬಂದರೆ ಚಪ್ಪಲಿ ಮೆಟ್ಟಿಕೊಳ್ಳುವಷ್ಟೂ ಪುರುಸೊತ್ತಿಲ್ಲ, ಹಾಗೆಯೇ ಓಡುತ್ತಾಳೆ. ಎರಡು, ಆಕೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಈ ಎರಡೂ ಗುಣಗಳು ಆಕೆಗೆ ಸಾಕಷ್ಟು ಪೆಟ್ಟು ಕೊಟ್ಟಿವೆ. ಎರಡನ್ನೂ ಆಕೆ ಬಿಟ್ಟಿಲ್ಲ.

ಮೊದಲ ಪೆಟ್ಟು ಬಿದ್ದದ್ದು ತವರುಮನೆಯಲ್ಲಿ, ಅಫಜಲಪುರ ತಾಲೂಕಿನ ಗೊಬ್ಬೂರದಲ್ಲಿ. ಎರಡು ವರ್ಷದ ಹಿಂದೆ ಹಬ್ಬಕ್ಕೆಂದು ಹೋದವಳಿಗೆ ಊರ ಹೊರಗೆ ಬಿಸಿಲಲ್ಲಿ ಕಟ್ಟಿದ್ದ ಒಂದು ಎಮ್ಮೆ ಕಂಡಿತು. ಮುಂಗಾಲಿನ ಗಾಯದಲ್ಲಿ ಹುಳು, ಮುಂದೆ ಒಣಗಿದ ಬಕೆಟ್ಟು. ಹಿಂದುಮುಂದು ನೋಡದೆ ಹಗ್ಗ ಬಿಚ್ಚಿ ತವರಿನ ಅಂಗಳಕ್ಕೆ ತಂದು ಕಟ್ಟಿ, ಗಾಯ ತೊಳೆದಳು. ಸಂಜೆಗೆ ಎಮ್ಮೆಯ ಮಾಲೀಕ ಪೊಲೀಸರನ್ನು ಕರೆದುಕೊಂಡು ಬಂದ. ಹಬ್ಬದ ಬಿರಿಯಾನಿ ಉಣ್ಣಬೇಕಾದವಳು ಎಮ್ಮೆ ಕದ್ದ ಆರೋಪದ ಮೇಲೆ ಠಾಣೆಯ ಬೆಂಚಿನ ಮೇಲೆ ಕುಳಿತಳು.

ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಸುನೀಲಕುಮಾರ ಒಳ್ಳೆಯ ಮನುಷ್ಯ. ಮಾಲೀಕನಿಗೆ ಸಮಾಧಾನ ಹೇಳಿ ಕಳಿಸಿ, ಈಕೆಗೆ ಚಹಾ ತರಿಸಿಕೊಟ್ಟು ಹೇಳಿದ: "ಆಪಾ, ಹಗ್ಗ ಬಿಚ್ಚೋದು ಎಲ್ಲಾದರಕಿಂತ ಕಡೀ ಕೆಲಸರಿ. ನೀವು ಅದನ್ನ ಮೊದಲ ಮಾಡಿದ್ರಿ. ಮೊದಲು ಅರ್ಜಿ ಕೊಡಬೇಕು. ತನಿಖಿ ಮಾಡಾಕ ಕೋರ್ಟಿನ ಪರವಾನಗಿ ತಗೋತೇವಿ. ಆಮ್ಯಾಲ ನಾವು ಬರ್ತೇವಿ, ಡಾಕ್ಟರು ನೋಡಿ ಸರ್ಟಿಫಿಕೇಟ್ ಕೊಡ್ತಾರ, ಪಂಚರ ಮುಂದ ಪಂಚನಾಮೆ ಆಗ್ತದ. ದನ ಎಲ್ಲಿ ಇಡಬೇಕಂತ ಜಡ್ಜ್ ಸಾಹೇಬ್ರು ಹೇಳ್ತಾರ. ಇಷ್ಟಾದ ಮ್ಯಾಲ ಹಗ್ಗ."

"ಅಷ್ಟರಾಗ ಎಮ್ಮಿ ಸತ್ತು ಹೋಗ್ತದಲ್ರಿ ಸಾಹೇಬ್ರ!"

"ಅದಕ್ಕ ಲಗೂನ ಅರ್ಜಿ ಕೊಡಬೇಕ್ರಿ."

ಎಮ್ಮೆ ಮಾಲೀಕನ ಮನೆಗೆ ವಾಪಸು ಹೋಯಿತು, ಎಂಟು ದಿನಕ್ಕೆ ಸತ್ತಿತು. ಸುದ್ದಿ ಕೇಳಿದ ದಿನ ಮೆಹರಾಜಬೇಗಂ ಮಷಿನ್ ಮುಂದೆ ಕೂತು ಗಳಗಳ ಅತ್ತಳು. ಅತ್ತು ಮುಗಿದ ಮೇಲೆ ಆ ಹೆಡ್ ಕಾನ್‌ಸ್ಟೇಬಲ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ನೋಟುಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡಳು.

ಈಗ ಹಿರೋಳ್ಳಿಯ ವಿಷಯಕ್ಕೆ ಬರೋಣ. ಊರ ಹೊರಗೆ ಕಲ್ಲಿನಾಥ ಎಂಬುವರ ಹೊಲ. ಹೊಲದಲ್ಲಿ ತಗಡಿನ ಶೆಡ್ಡು, ಶೆಡ್ಡಿನ ಮುಂದೆ "ದೇವಣಿ ತಳಿ ಸಂರಕ್ಷಣಾ ಡೇರಿ" ಎಂಬ ದೊಡ್ಡ ಬೋರ್ಡು. ಮೂರು ವರ್ಷದ ಹಿಂದೆ ಪೂಜೆ ಮಾಡಿಸಿ, ಊರಿಗೆಲ್ಲ ಊಟ ಹಾಕಿಸಿ ಡೇರಿ ತೆರೆದವರು, ಆಮೇಲೆ ಕಲಬುರಗಿಯಲ್ಲಿ ಪ್ಲಾಟು ಮಾರುವ ಧಂದೆ ಕೈ ಹತ್ತಿದ ಮೇಲೆ ಇತ್ತ ತಿರುಗಿ ನೋಡಲಿಲ್ಲ. ಶೆಡ್ಡಿನಲ್ಲಿ ಉಳಿದದ್ದು ನಾಲ್ಕು ಜೀವ: ಎರಡು ಎತ್ತು, ಎರಡು ಆಕಳು. ಅದರಲ್ಲಿ ಒಂದು ಚಂದ್ರಿ, ತುಂಬು ಗಬ್ಬದ ಆಕಳು. ಚಂದ್ರಿಯ ಮೊದಲ ಕರು ಅಡ್ಡ ಸಿಕ್ಕಿಕೊಂಡಾಗ ಮೊಣಕೈತನಕ ಕೈ ಹಾಕಿ ತಿರುಗಿಸಿದವಳು ಮೆಹರಾಜಬೇಗಂ. ಅದು ಆಕೆ ಮಾಡಿಸಿದ ಮೊಟ್ಟಮೊದಲ ಹೆರಿಗೆ.

ಆಗಸ್ಟಿನಲ್ಲಿ ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಗೇಟಿನ ಸಂದಿಯಿಂದ ಇಣುಕಿದಳು. ಸುತ್ತ ಕಣ್ಣು ಹಾಯುವಷ್ಟು ದೂರ ತೊಗರಿ ಹಸಿರಾಗಿ ನಿಂತಿದೆ. ಒಳಗೆ ನಾಲ್ಕು ದನ ಕೆಸರು ಸೆಗಣಿಯಲ್ಲಿ ಮೊಣಕಾಲುದ್ದ ಹೂತು ನಿಂತಿವೆ. ಬೆನ್ನೆಲುಬು ಎಣಿಸಬಹುದು. ಗೋದಲಿಯಲ್ಲಿ ಒಂದು ಎಸಳು ಮೇವಿಲ್ಲ. ಹೆಸರು ಹಿಡಿದು ಕರೆದಾಗ ಚಂದ್ರಿ ಅಲ್ಲಿಂದಲೇ ಈಕೆಯ ದನಿ ಗುರುತು ಹಿಡಿದು ಕತ್ತು ತಿರುಗಿಸಿತು. ಕೂಗಲು ಮಾತ್ರ ಅದಕ್ಕೆ ಶಕ್ತಿಯಿರಲಿಲ್ಲ.

ಅಲ್ಲಿಯೇ ನಿಂತು ಕಲ್ಲಿನಾಥರಿಗೆ ಫೋನ್ ಹಚ್ಚಿದಳು.

"ಆಳು ಹೋಗ್ತಾನ, ಹಾಕ್ತಾನ," ಎಂದರು ಅವರು. "ನೀ ನಿನ್ನ ಕುಪ್ಪಸ ಹೊಲಿಯೋದು ನೋಡು."

ಕೈ ಗೇಟಿನ ಬೀಗದ ಮೇಲೆಯೇ ಇತ್ತು. ಪಕ್ಕದಲ್ಲಿ ಕಲ್ಲೂ ಇತ್ತು. ಗೊಬ್ಬೂರದ ಬೆಂಚು ನೆನಪಾಗಿ ಹಲ್ಲು ಕಚ್ಚಿ ಕೈ ಹಿಂದೆ ತೆಗೆದಳು. ಅದು ಆಕೆ ಬದುಕಿನಲ್ಲಿ ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸ ಎಂದು ಈಗಲೂ ಹೇಳುತ್ತಾಳೆ.

ಸುನೀಲಕುಮಾರನಿಗೆ ಅಷ್ಟರಲ್ಲಿ ಆಳಂದ ತಾಲೂಕಿಗೆ ವರ್ಗವಾಗಿತ್ತು. ಈಕೆ ಒಯ್ದ ಅರ್ಜಿ ಎಂಟು ಪುಟ. ಆತ ಮೂರನೆಯ ಪುಟಕ್ಕೆ ನಿಲ್ಲಿಸಿದ. "ಆಪಾ, ಇದರಾಗ ನಿಮ್ಮ ಸಿಟ್ಟು ಅದ, ದನದ ಕಿವಿ ನಂಬರ್ ಇಲ್ಲ. ಯಾವ ದನ, ಯಾರ ದನ, ಎಲ್ಲಿ, ಯಾವತ್ತು ನೋಡಿದ್ರಿ, ಏನು ನೋಡಿದ್ರಿ. ಇಷ್ಟ ಬರೀರಿ." ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಒಂದೇ ಪುಟದಲ್ಲಿ ಮತ್ತೆ ಬರೆದಳು. ನಾಲ್ಕು ನಂಬರು, ಹನ್ನೆರಡು ಹನ್ನೆರಡು ಅಂಕಿ. ಕೋರ್ಟಿನ ಪರವಾನಗಿ ಬರಲು ಆರು ದಿನ ಹಿಡಿಯಿತು. ಆ ಆರು ದಿನ ಠಾಣೆಯವರು ಆಕೆಯ ನಂಬರು ಕಂಡರೆ ಫೋನನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಿದ್ದರು. ಕೊನೆಗೆ ದಿನ ಗೊತ್ತಾಯಿತು: ಶ್ರಾವಣದ ಕಡೆಯ ಸೋಮವಾರ, ಬೆಳಗ್ಗೆ ಹನ್ನೊಂದಕ್ಕೆ.

ರವಿವಾರ ಸಂಜೆ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗ್ಗುಲ ಮನೆಯ ಗುರುಬಾಯಿ ಕುಪ್ಪಸ ಒಯ್ಯಲು ಬಂದಳು. ಎಪ್ಪತ್ತು ದಾಟಿದ ಮುದುಕಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಎಲೆಅಡಿಕೆ.

"ಆಯಿ, ಒಂದು ಮಾತು ಹೇಳ್ತೇನಿ. ಯಾರ ಮುಂದನೂ ಹೇಳಬ್ಯಾಡ."

"ನಾ ಯಾರ ಮುಂದ ಹೇಳ್ಲಿ ಬೇ!"

ಹೇಳಿಬಿಟ್ಟಳು. ಗುರುಬಾಯಿ ಸೊಸೆಯ ಮುಂದೆ ಮಾತ್ರ ಹೇಳಿದಳು. ಸೊಸೆ ನಲ್ಲಿಯ ಹತ್ತಿರ ಇಬ್ಬರ ಮುಂದೆ ಮಾತ್ರ ಹೇಳಿದಳು. ಮುಂದಿನದು ನಿಮಗೆ ಗೊತ್ತೇ ಇದೆ.

ಸೋಮವಾರ ಹನ್ನೊಂದಕ್ಕೆ ಸರಿಯಾಗಿ ಪೊಲೀಸ್ ಜೀಪು ಶೆಡ್ಡಿನ ಮುಂದೆ ನಿಂತಿತು. ಸುನೀಲಕುಮಾರ ಇಳಿದ, ಆತನ ಜೊತೆ ಪಂಚರಾಗಿ ಬೇರೆ ಊರಿನ ಇಬ್ಬರು. ಹಿಂದಿನ ಗಾಡಿಯಲ್ಲಿ ಪಶು ವೈದ್ಯಾಧಿಕಾರಿ ಐಶ್ವರ್ಯಾ ಮೇಡಂ. ಬುರಾನುದ್ದೀನನ ಟಂಟಂ ಆಟೋದಿಂದ ಮೆಹರಾಜಬೇಗಂ ಹಾರಿ ಇಳಿದಳು. ಗೇಟಿನ ಬೀಗ ತೆಗೆಯಲೆಂದು ಆ ಬೆಳಗ್ಗೆಯೇ ಫೋನ್ ಮಾಡಿ ಕಲ್ಲಿನಾಥರಿಗೆ ಬರಹೇಳಿದ್ದರು. ಅವರು ತಾವೇ ಕಾರಿನಲ್ಲಿ ಬಂದು, ಮುಖ ಗಂಟಿಕ್ಕಿಕೊಂಡು ಬೀಗ ತೆರೆದರು.

ಗೇಟು ತೆರೆಯಿತು. ಎಲ್ಲರೂ ಬಾಯಿ ತೆರೆದು ನಿಂತರು.

ಒಳಗೆ ಅರ್ಧ ಊರು ನೆರೆದಿದೆ! ಹಿಂದಿನ ಹೊಲದ ಬೇಲಿಯ ಕಂಡಿಯಿಂದ ನಸುಕಿನಲ್ಲಿಯೇ ಬಂದಿದ್ದಾರೆ. ಸೆಗಣಿ ಬಳಿದು ನೆಲ ಗುಡಿಸಿದೆ. ನಾಲ್ಕೂ ದನಗಳಿಗೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಚೆಂಡುಹೂವಿನ ಸರ ಹಾಕಿದೆ. ಗೋದಲಿಯ ತುಂಬ ಜೋಳದ ದಂಟಿನ ಕಣಕಿ, ತೊಗರಿ ಹೊಟ್ಟು. ತೊಟ್ಟಿಯಲ್ಲಿ ತುಳುಕುವ ನೀರು. ಮೂಲೆಯಲ್ಲಿ ಊದಿನಕಡ್ಡಿ ಬೇರೆ ಉರಿಯುತ್ತಿದೆ.

ಗುರುಬಾಯಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಬಾ ಬೇ ಮೆಹರಾಜ. ಶ್ರಾವಣ ಸ್ವಾಮಾರ ದಿನ ಪರಊರ ಮಂದಿ ಬಂದು ನಮ್ಮ ಊರ ಬಸವಣ್ಣಗಳು ಹಿಂಗ ಇದ್ದದ್ದು ನೋಡಿದ್ರ ಏನಂದಾರು? ಅದಕ್ಕ ಎಲ್ಲಾರೂ ಕೂಡಿ ಛಂದ ಮಾಡೇವಿ."

"ಯಾ ಅಲ್ಲಾ!" ಎಂದು ಮೆಹರಾಜಬೇಗಂ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದಳು. ಮರುಕ್ಷಣವೇ ಯಾರೋ ಎತ್ತಿನ ಮುಂದೆ ಜೋಳದ ನುಚ್ಚಿನ ಬುಟ್ಟಿ ಇಡುತ್ತಿರುವುದು ಕಂಡು ಚಂಗನೆ ಎದ್ದು ಓಡಿದಳು. "ತಗೀರಿ! ಕಾಳು ಹಾಕಬ್ಯಾಡ್ರಿ! ಖಾಲಿ ಹೊಟ್ಟಿಗಿ ಕಾಳು ಬಿದ್ರ ಉಬ್ಬಿ ಸಾಯ್ತಾವ!" ಬುಟ್ಟಿ ಕಸಿದುಕೊಂಡು, ಅದನ್ನೇ ಎದೆಗೆ ಅವುಚಿಕೊಂಡು ನಿಂತಳು.

ಕಲ್ಲಿನಾಥರ ಮುಖದ ಗಂಟು ಬಿಚ್ಚಿಕೊಂಡಿತು. ಫೋನು ತೆಗೆದು ಗೋದಲಿಯ ಫೋಟೋ ಹೊಡೆದರು, ನೀರಿನ ತೊಟ್ಟಿಯ ಫೋಟೋ ಹೊಡೆದರು, ಹೂವಿನ ಸರದ ಫೋಟೋ ಹೊಡೆದರು. "ಬರ್ಕೋರಿ ಸಾಹೇಬ್ರ. ಮೇವು ಅದ, ನೀರು ಅದ, ಪೂಜಿ ಆಗ್ಯದ. ಇನ್ನೇನು ಬೇಕ್ರಿ?"

ಸುನೀಲಕುಮಾರ ಪೆನ್ನು ಹಿಡಿದು ಮೆಹರಾಜಬೇಗಂಳ ಕಡೆ ನೋಡಿದ. ಆ ನೋಟದಲ್ಲಿ ಮರುಕವಿತ್ತು. "ಆಪಾ, ನಾನೂ ಪಂಚರೂ ಕಣ್ಣಿಲೆ ಕಂಡದ್ದು ಬರೀಬೇಕ್ರಿ. ಮೇವು ನೀರು ಇಲ್ಲ ಅಂತ ಹ್ಯಾಂಗ ಬರೀಲಿ?"

ಇಷ್ಟು ದಿನ ಕಾನೂನಿನ ಒಂದೊಂದು ಮೆಟ್ಟಿಲನ್ನೂ ಎಣಿಸಿಕೊಂಡು ಹತ್ತಿ, ಕೊನೆಯ ಮೆಟ್ಟಿಲಲ್ಲಿ ತನ್ನ ನಾಲಗೆಯಿಂದಲೇ ಜಾರಿಬಿದ್ದೆನಲ್ಲ ಎಂದು ಆಕೆ ತನ್ನನ್ನೇ ಬೈದುಕೊಂಡಳು. ಇವತ್ತು ಪಂಚನಾಮೆಯಲ್ಲಿ "ಮೇವು ಇದೆ" ಎಂದು ಬರೆದರೆ ನಾಳೆ ಈ ಗೇಟಿಗೆ ಮತ್ತೆ ಬೀಗ. ಹೂವಿನ ಸರ ಒಣಗುವಷ್ಟರಲ್ಲಿ ಮೇವು ಮುಗಿಯುತ್ತದೆ. ಗೊಬ್ಬೂರದ ಎಮ್ಮೆ ಎಂಟು ದಿನ ಬದುಕಿತ್ತು. ಚಂದ್ರಿ ಅಷ್ಟೂ ಬದುಕುವುದಿಲ್ಲ.

ಡಾಕ್ಟರು ಅಷ್ಟರಲ್ಲಿ ಕೆಲಸಕ್ಕೆ ಇಳಿದಿದ್ದರು. ಮೂರು ದನಗಳು ಹೇಗೋ ನಿಂತಿದ್ದವು. ಚಂದ್ರಿ ಮಲಗಿದ್ದದ್ದು ಎದ್ದಿರಲಿಲ್ಲ. ಐಶ್ವರ್ಯಾ ಮೇಡಂ ಕಣ್ಣಿನ ರೆಪ್ಪೆ ತಿರುವಿ ನೋಡಿದರು, ಬಲಗಡೆಯ ಹೊಟ್ಟೆಯ ಮೇಲೆ ಮುಷ್ಟಿಯಿಟ್ಟು ಒತ್ತಿ ಕರುವಿನ ಅಲುಗಾಟಕ್ಕೆ ಕಾದರು. ಮತ್ತೆ ಒತ್ತಿದರು.

"ಕರು, ಮೇಡಂ?"

"ಏನೂ ಅಲುಗಾಡವಲ್ದು. ಜೀವ ಅದನೋ ಇಲ್ಲೋ ಈಗ ಹೇಳಾಕ ಆಗಂಗಿಲ್ಲ, ಮೆಹರಾಜ. ಇನ್ನೊಂದು ವಾರ ಹಿಂಗಾ ಇದ್ರ ತಾಯಿನೂ ಉಳಿಯಂಗಿಲ್ಲ."

ಮೆಹರಾಜಬೇಗಂ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು ಚೀಲದಿಂದ ಜೋಡಿ ಟೇಪು ತೆಗೆದಳು. ಚಂದ್ರಿಯ ಎದೆಯ ಕೆಳಗೆ ತೂರಿಸಿ ಡಾಕ್ಟರ ಕೈಗೆ ತುದಿ ಕೊಟ್ಟಳು. ಐವತ್ತೈದು ಇಂಚು. ಆಮೇಲೆ, ಯಾರ ಕೈಗೂ ಕೊಡದೆ ಕಾಯ್ದಿದ್ದ ಆ ನೋಟುಬುಕ್ಕನ್ನು ಎಲ್ಲರ ಎದುರಿಗೆ ಬಿಡಿಸಿದಳು. ಏಪ್ರಿಲ್ ತಿಂಗಳು, ಅದೇ ಕಿವಿ ನಂಬರು, ಅರವತ್ತೈದು ಇಂಚು. ಎಡ ಪುಟದ ಮೇಲೆ ಅಂಗೈ ಮುಚ್ಚಿಟ್ಟಿದ್ದಳು. ಆದರೂ ಗುಂಪಿನಲ್ಲಿದ್ದ ನಾಲ್ಕಾರು ಹೆಂಗಸರು ಗಾಬರಿಯಿಂದ ಕತ್ತು ಚಾಚಿದರು.

ಡಾಕ್ಟರು ಅದನ್ನು ಬರೆದುಕೊಂಡರು. "ನಾಲ್ಕು ತಿಂಗಳದಾಗ ಹತ್ತು ಇಂಚು, ಅದೂ ಗಬ್ಬದ ಆಕಳು!"

"ರೋಗ ಬಂದಿರ್ತದ," ಎಂದರು ಕಲ್ಲಿನಾಥ. "ಬಡಕಲಾಗ್ಯದ ಅಂತ ಬರೀರಿ, ಬ್ಯಾಡ ಅನ್ನಂಗಿಲ್ಲ. ಉಪವಾಸ ಕೆಡವೇನಿ ಅಂತ ಹ್ಯಾಂಗ ಹೇಳ್ತೀರಿ? ಮೇವು ಕಣ್ಣ ಮುಂದ ಬಿದ್ದದ."

ಡಾಕ್ಟರು ಚಂದ್ರಿಯ ರಕ್ತ ತೆಗೆದು ಸೀಸೆಗೆ ತುಂಬಿದರು. ರಕ್ತ ಪರೀಕ್ಷೆಯ ಫಲಿತಾಂಶ ಬರುವ ತನಕ ಕಾರಣ ಖಚಿತವಾಗಿ ಬರೆಯುವಂತಿಲ್ಲ. ಈಗ ಉಳಿದ ದಾರಿ ಒಂದೇ. ಈ ಮೇವು ಕಲ್ಲಿನಾಥರದ್ದಲ್ಲ, ನಮ್ಮದು ಎಂದು ತಂದವರು ಬಾಯಿ ಬಿಟ್ಟು ಹೇಳಬೇಕು, ಹೆಸರು ಬರೆಸಿ ಸಹಿ ಮಾಡಬೇಕು.

ಮೆಹರಾಜಬೇಗಂ ಜನರ ಕಡೆ ತಿರುಗಿದಳು. "ಈ ಕಣಕಿ ಯಾರು ತಂದ್ರಿ? ಹೇಳ್ರಿ. ಹವಾಲ್ದಾರ್ರು ಬರ್ಕೋತಾರ."

ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು.

ಹೆದರಿಕೆ ಇರಲಿಲ್ಲವೆಂದಲ್ಲ. ಕಲ್ಲಿನಾಥರು ದೊಡ್ಡ ಮನೆತನದವರು, ನಾಳೆ ಅವರ ಮುಖಕ್ಕೆ ಮುಖ ಕೊಡಬೇಕು. ಆದರೆ ಅದಕ್ಕಿಂತ ದೊಡ್ಡದೊಂದು ಅಡ್ಡಿ ಆ ಜನರ ಎದೆಯಲ್ಲಿತ್ತು. ಅವರು ಮೇವು ತಂದದ್ದು ದಾಸೋಹವೆಂದು. ಆ ಕಡೆ ದಾಸೋಹಕ್ಕೆ ಜೋಳದ ಚೀಲ ಹೊತ್ತು ಹೋದವರು ಮಠದ ಮುಂದೆ ಇಳಿಸಿ, ತಿರುಗಿ ನೋಡದೆ ಬಂದುಬಿಡುತ್ತಾರೆ. ಕೊಟ್ಟೆ ಎಂದು ಬಾಯಿಂದ ಬಂದರೆ ಕೊಟ್ಟದ್ದೆಲ್ಲ ಮಣ್ಣುಪಾಲು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರು. ಪೊಲೀಸರ ಕಾಗದದ ಮೇಲೆ ಹೆಸರು ಬರೆಸಿ "ನಾನು ಕೊಟ್ಟೆ" ಎನ್ನುವುದು ಅವರಿಗೆ ನಾಚಿಕೆಯ ಮಾತು.

"ಹಂಗ ಹೇಳಬಾರದು ಬೇ," ಎಂದು ಗುರುಬಾಯಿ ಮೆಲ್ಲಗೆ ಅಂದಳು. "ಮಾಡಿದ್ದು ಹೇಳಿದ್ರ ಪಾಪ."

ಮೆಹರಾಜಬೇಗಂಳಿಗೆ ಸಿಟ್ಟು ನೆತ್ತಿಗೇರಿತು. ನೋಟುಬುಕ್ಕು ಚೀಲಕ್ಕೆ ಹಾಕಿ ಸೀದಾ ಗುರುಬಾಯಿಯ ಮುಂದೆ ನಿಂತಳು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು, ದನಿ ಮಾತ್ರ ಹೊಲದಾಚೆಗೂ ಕೇಳುತ್ತಿತ್ತು. "ಆಯಿ, ನಮ್ಮ ಮಂದಿನೂ ಹಂಗ ಹೇಳ್ತಾರ, ಬಲಗೈ ಕೊಟ್ಟದ್ದು ಎಡಗೈಗಿ ಗೊತ್ತಾಗಬಾರದಂತ. ನಂಗೂ ಗೊತ್ತದ. ಆದ್ರ ನೀ ಇವತ್ತು ಬಾಯಿ ಮುಚ್ಚಿಕೊಂಡ್ರ ನಿನ್ನ ಮೇವು ಅವರ ಹೆಸರಿಗಿ ಹೋಗ್ತದ! ಅವರ ಮೇವು ಅಂತ ಬರೀತಾರ! ಆ ಮೇವಿನ ಮ್ಯಾಲ ಚಂದ್ರಿ ಸಾಯ್ತದ. ನಿನಗ ಪಾಪದ ಅಂಜಿಕಿ ಇದ್ರ ಆ ಪಾಪ ನನಗ ಕೊಡು. ನಾ ಹೊರತೇನಿ. ನೀ ಹೆಸರು ಹೇಳು!"

ಗುರುಬಾಯಿ ಚಂದ್ರಿಯನ್ನು ನೋಡಿದಳು. ಅದರ ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಮುದುಕಿ ಎರಡು ಹೆಜ್ಜೆ ಮುಂದೆ ಬಂದು, ಗೋದಲಿಯ ಮೇಲಿನ ಕಣಕಿಯ ಒಂದು ಸಿವುಡನ್ನು ಮುಟ್ಟಿದಳು.

"ಬರ್ಕೋರಿ ಸಾಹೇಬ್ರ. ಗುರುಬಾಯಿ. ಇದು ನಂದು. ಇವತ್ತು ನಸುಕಿನ್ಯಾಗ ತಂದೇನಿ. ನಾ ಬಂದಾಗ ಗೋದಲಿಯಾಗ ಒಂದು ಎಸಳಿರಲಿಲ್ಲ, ತೊಟ್ಟಿಯಾಗ ಪಾಚಿ ಇತ್ತು. ನನ್ನ ಲಿಂಗದಾಣಿ."

ಒಡ್ಡು ಒಡೆಯಿತು! "ಆ ಹೊಟ್ಟಿನ ಚೀಲ ನಂದ್ರಿ!" ಎಂದು ಹಿಂದಿನಿಂದ ಒಂದು ದನಿ. "ಆ ಎರಡು ಸಿವುಡು ನಮ್ಮ ಮನ್ಯಾವು!" "ನೀರಿನ ಕೊಡ ನಾವು ಅತ್ತಿಸೊಸಿ ಹೊತ್ತೇವಿ!" "ಸೆಗಣಿ ಬಳದದ್ದು ನಾನ್ರಿ, ಹದಿನೆಂಟು ಬುಟ್ಟಿ ಎತ್ತಿ ಒಗದೇನಿ, ಬಂದು ನೋಡ್ರಿ ತಿಪ್ಪಿ!" ಹೂವಿನ ಸರ ಹಾಕಿದವಳು ಕೂಡ ಬಿಡಲಿಲ್ಲ, ಹೂವು ಎಲ್ಲಿಂದ ಹರಿದು ತಂದೆನೆಂದು ಬರೆಸಿದಳು. ಸುನೀಲಕುಮಾರನ ಪೆನ್ನು ಓಡಿಯೇ ಓಡಿತು. ಹಾಳೆ ಮುಗಿದು, ಜೀಪಿನಿಂದ ಮತ್ತೆ ತರಿಸಿದ. "ಸಾವಕಾಶ್ರಿ, ಒಬ್ಬೊಬ್ಬರ ಬರ್ರಿ!" ಎಂದು ಆತ ಕೂಗುತ್ತಿದ್ದರೆ ಮೆಹರಾಜಬೇಗಂ ಆನಂದ ತಡೆಯಲಾರದೆ ಅಲ್ಲಿಂದಿಲ್ಲಿಗೆ ಓಡಾಡುತ್ತ, ಹಿಂದೆ ನಿಂತವರನ್ನು ತೋಳು ಹಿಡಿದು ಮುಂದೆ ತಳ್ಳುತ್ತಿದ್ದಳು.

ಕಲ್ಲಿನಾಥರು ಕೆಂಪಾದರು. "ಸುಳ್ಳು! ನನ್ನ ಮ್ಯಾಲ ಹೊಟ್ಟಿಕಿಚ್ಚು ಎಲ್ಲಾರಿಗಿ. ಇವತ್ತು ಒಂದು ದಿನ ತಂದು ಹಾಕ್ಯಾರ, ದಿನಾ ನನ್ನ ಆಳು ಹಾಕ್ತಾನ. ಬೇಕಂದ್ರ ನಮ್ಮ ಕಾಕಾಗ ಕೇಳ್ರಿ. ಹಿಂದಿನ ಹೊಲ ಅವರದಾ, ದಿನಾ ನೋಡ್ತಾರ. ಕಾಕಾ! ಬರ್ರಿ ಇಲ್ಲಿ. ಹೇಳ್ರಿ ಇವರಿಗಿ!"

ಬೇಲಿಯ ಕಂಡಿಯ ಹತ್ತಿರ ಒಬ್ಬರೇ ನಿಂತಿದ್ದ ಮುದುಕರು ಅಣವೀರಪ್ಪ, ಕಲ್ಲಿನಾಥರ ತಂದೆಯ ತಮ್ಮ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಮನೆತನದ ವಿರುದ್ಧ ಒಂದು ಸಲವೂ ದನಿ ಎತ್ತದವರೆಂದು ಊರಿಗೆಲ್ಲ ಗೊತ್ತು. ಅವರು ಸಾವಕಾಶವಾಗಿ ನಡೆದು ಬರುತ್ತಿದ್ದರೆ ಮೆಹರಾಜಬೇಗಂ ಸುನೀಲಕುಮಾರನ ಪಕ್ಕಕ್ಕೆ ಸರಿದು ನಿಂತಳು. ಸ್ವಂತ ಕಾಕಾ "ಹೌದು, ಆಳು ಹಾಕ್ತಾನ" ಎಂದರೆ ಇಷ್ಟು ಜನರ ಮಾತೂ ಕೋರ್ಟಿನಲ್ಲಿ ಹಗುರಾಗುತ್ತದೆ.

ಅವರು ಬಂದು ಸುನೀಲಕುಮಾರನ ಮುಂದೆ ನಿಂತು ರುಮಾಲು ತೆಗೆದು ಕೈಯಲ್ಲಿ ಹಿಡಿದರು.

"ಅಣ್ಣನ ಮಗ ಕರದಾನ, ಬಂದೇನಿ. ಬರ್ಕೋರಿ. ಆಳುಮನಷ್ಯಾ ಕೆಲಸ ಬಿಟ್ಟು ಹೋದದ್ದು ಕಾರಹುಣ್ಣಿಮಿ ಮರುದಿನ, ಎರಡು ತಿಂಗಳ ಮ್ಯಾಲಾತು. ಅವತ್ತಿನಿಂದ ನಿನ್ನಿತನಕ ಈ ನಾಲ್ಕು ಜೀವಕ್ಕ ನೀರು ಹಾಕಿದಾವ ನಾನು. ಈ ಕಂಡಿಯಾಗಿಂದ ಬಂದು ಹಾಕ್ತಿದ್ದೆ. ನನ್ನ ಒಂದು ಎತ್ತಿನ ಮೇವು ತಂದು ನಾಲ್ಕಕ್ಕ ಹಂಚ್ತಿದ್ದೆ. ಎಲ್ಲಿ ಸಾಲ್ತದ್ರಿ?"

"ಕಾಕಾ!" ಎಂದರು ಕಲ್ಲಿನಾಥ.

"ಸುಮ್ನಿರು. ಹೆಣ್ತಿ ಮುಂದನೂ ಹೇಳಿರಲಿಲ್ಲ ನಾನು. ಮಾಡಿದ್ದು ಹೇಳಬಾರದಂತ ಸುಮ್ನಿದ್ದೆ. ನಿನ್ನ ಮಾನ ಹೋಗ್ತದಂತನೂ ಸುಮ್ನಿದ್ದೆ. ಅದರಾಗ ಯಾವುದು ಜಾಸ್ತಿ ಅಂತ ನನ್ನ ಒಳಗಿನ ಶಿವಗ ಗೊತ್ತು." ಮುದುಕರು ಚಂದ್ರಿಯ ಕಡೆ ಕೈ ತೋರಿದರು. "ನಾ ಅವತ್ತಾ ಬಾಯಿ ತೆರದಿದ್ರ ಈ ಆಕಳಿಗಿ ಈ ಗತಿ ಬರ್ತಿರಲಿಲ್ಲ. ಸಹಿ ಎಲ್ಲಿ ಮಾಡಲಿ ಹೇಳ್ರಿ."

ಸುನೀಲಕುಮಾರ ತೋರಿಸಿದಲ್ಲಿ ಸಹಿ ಮಾಡಿದರು. ಕಲ್ಲಿನಾಥರು ಹೋಗಿ ಕಾರಿನಲ್ಲಿ ಕುಳಿತರು.

ಮುಂದಿನ ಎರಡು ದಿನ ಕಾನೂನು ತನ್ನ ದಾರಿಯಲ್ಲಿ ಓಡಿತು ಎಂದೇ ಹೇಳಬೇಕು. ಸುನೀಲಕುಮಾರ ನಾಲ್ಕೂ ದನಗಳನ್ನು ಜಪ್ತಿ ಮಾಡಿದ. ಡಾಕ್ಟರು ಎರಡು ದಿನ ಶೆಡ್ಡಿನಲ್ಲಿಯೇ ಸಲಾಯಿನ್ ಏರಿಸಿದರು, ಊರಿನವರು ಪಾಳಿಯ ಮೇಲೆ ಕಾದರು. ಆಳಂದದ ಕೋರ್ಟಿನಲ್ಲಿ ಬುಧವಾರ ಆದೇಶವಾಯಿತು: ಪ್ರಕರಣ ಮುಗಿಯುವ ತನಕ ದನಗಳು ಗೋಶಾಲೆಯಲ್ಲಿ ಇರತಕ್ಕದ್ದು, ಮೇವಿನ ಖರ್ಚು ಮಾಲೀಕರದ್ದು. ಕೋರ್ಟಿನ ಅಂಗಳದಲ್ಲಿ ಮೆಹರಾಜಬೇಗಂ ಆದೇಶದ ಪ್ರತಿಯನ್ನು ಮೂರು ಸಲ ಓದಿದಳು, ನಾಲ್ಕನೆಯ ಸಲ ಫೋನಿನಲ್ಲಿ ಗುರುಬಾಯಿಗೆ ಓದಿ ಹೇಳಿದಳು. ಆ ಕಡೆಯಿಂದ ಎದ್ದ ಗದ್ದಲಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಹತ್ತಿರದ ಎರಡು ಗೋಶಾಲೆಗಳಲ್ಲಿ ಜಾಗವಿರಲಿಲ್ಲ. ಜೇವರ್ಗಿ ಕಡೆಯ ಒಂದು ಗೋಶಾಲೆಯವರು ಒಪ್ಪಿಕೊಂಡು ಗುರುವಾರ ಬೆಳಗ್ಗೆ ಲಾರಿ ಕಳಿಸಿದರು. ಎತ್ತುಗಳು ಹತ್ತಿದವು, ಇನ್ನೊಂದು ಆಕಳೂ ಹತ್ತಿತು. ಚಂದ್ರಿ ನಿಂತಿತ್ತು, ಆದರೆ ಹಲಗೆಯ ಮೇಲೆ ಕಾಲಿಡಲೊಲ್ಲದು. ಮೆಹರಾಜಬೇಗಂ ಕರೆದಳು, ಬರಲಿಲ್ಲ. ಬೆಲ್ಲ ತೋರಿಸಿದಳು, ಬರಲಿಲ್ಲ. ಹಗ್ಗ ಜಗ್ಗುತ್ತೇವೆ ಎಂದವರನ್ನು ಗದರಿ ಹಿಂದೆ ಕಳಿಸಿದಳು. ಆಗ ಅಣವೀರಪ್ಪ ಯಾರಿಗೂ ಏನೂ ಹೇಳದೆ ಹಲಗೆ ಹತ್ತಿ ಲಾರಿಯೊಳಗೆ ಹೋಗಿ ನಿಂತರು. ಚಂದ್ರಿ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಹತ್ತಿಯೇಬಿಟ್ಟಿತು! ಊರವರ ಚಪ್ಪಾಳೆಗೆ ಬೆದರಿ ಅದು ಇಳಿದೀತೆಂದು ಮೆಹರಾಜಬೇಗಂ ಎಲ್ಲರ ಬಾಯಿ ಮುಚ್ಚಿಸಿದಳು.

"ಇನ್ನ ಇಳೀರಿ ಮುತ್ಯಾ," ಎಂದಳು.

"ನಾ ಇಳದ್ರ ಇದೂ ಇಳೀತದ," ಎಂದರು ಅವರು. ಕಾಲಲ್ಲಿ ಚಪ್ಪಲಿಯಿಲ್ಲ, ಹೆಗಲ ಮೇಲೆ ಟವೆಲಿಲ್ಲ. ಹೆಂಡತಿ ಬೇಲಿಯ ಹತ್ತಿರ ನಿಂತು, "ಊಟಾ ಮಾಡಿಲ್ಲಲ್ರಿ, ಎಲ್ಲಿಗಿ ಹೊಂಟ್ರಿ?" ಎಂದು ಕೂಗುತ್ತಿದ್ದರೆ ಎಪ್ಪತ್ತೈದರ ಮುದುಕರು ಲಾರಿಯಲ್ಲಿ ಹುಲ್ಲಿನ ಮೇಲೆ ಕುಳಿತು ಜೇವರ್ಗಿಗೆ ಹೊರಟೇಬಿಟ್ಟರು. ಮೆಹರಾಜಬೇಗಂ ಡಾಕ್ಟರ ಗಾಡಿಯಲ್ಲಿ ಹಿಂದೆ ಹಿಂದೆ ಹೋದಳು. ತಾಸಿಗೊಮ್ಮೆ ಲಾರಿ ನಿಲ್ಲಿಸಿ ನೀರು ಕುಡಿಸಿದರು. ಚಂದ್ರಿ ದಾರಿಯುದ್ದಕ್ಕೂ ಮುದುಕರ ಹೆಗಲಿಗೆ ಗದ್ದ ಊರಿಕೊಂಡೇ ಇತ್ತು.

ಗೋಶಾಲೆಯ ಅಂಗಳದಲ್ಲಿ ಇಳಿಸಿ ಒಂದು ತಾಸು ಬಿಟ್ಟರು. ಚಂದ್ರಿ ನೆರಳಿನಲ್ಲಿ ನಿಂತು, ಯಾರೂ ಒತ್ತಾಯ ಮಾಡದೆ ಹಸಿಮೇವಿಗೆ ಬಾಯಿ ಹಾಕಿತು. ಐಶ್ವರ್ಯಾ ಮೇಡಂ ಬಲಗಡೆ ಮಂಡಿಯೂರಿ ಮತ್ತೆ ಹೊಟ್ಟೆಗೆ ಮುಷ್ಟಿಯೊತ್ತಿದರು. ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನವೂ ಅವರು ಒತ್ತಿ ನೋಡಿ ತಲೆ ಅಲ್ಲಾಡಿಸಿ ಎದ್ದಿದ್ದರು. ಈ ಸಲ ಎದ್ದೇಳಲಿಲ್ಲ. ಮೆಹರಾಜಬೇಗಂಳ ಕೈ ಹಿಡಿದೆಳೆದು ತಮ್ಮ ಮುಷ್ಟಿಯಿದ್ದಲ್ಲಿ ಇಟ್ಟರು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗಿನಿಂದ ಏನೋ ಗಟ್ಟಿಯಾದದ್ದು ಆಕೆಯ ಅಂಗೈಗೆ ದಢಕ್ಕನೆ ಬಡಿಯಿತು.

ಮೆಹರಾಜಬೇಗಂ ಚೀರಿದ ಚೀರಿಗೆ ಗೋಶಾಲೆಯ ಆಳುಗಳೆಲ್ಲ ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು. ಆಕೆಗೆ ಅವರ ಪರಿವೆಯಿಲ್ಲ. ಕಂಬಕ್ಕೆ ಒರಗಿ ಕುಳಿತಿದ್ದ ಅಣವೀರಪ್ಪನವರನ್ನು ರಟ್ಟೆ ಹಿಡಿದು ಎಬ್ಬಿಸಿ ತಂದಳು. "ಇಲ್ಲಿ ಕೈ ಇಡ್ರಿ ಮುತ್ಯಾ. ಇಲ್ಲಲ್ಲ, ಇಲ್ಲಿ. ತಡೀರಿ."

ಮುದುಕರು ಕೈಯಿಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬೆಂಕಿ ತಾಗಿದವರಂತೆ ಕೈ ಹಿಂದೆ ತೆಗೆದರು, ಕೈಯನ್ನೊಮ್ಮೆ ನೋಡಿಕೊಂಡರು, ಮತ್ತೆ ಎರಡೂ ಕೈ ಇಟ್ಟರು.

"ಒದೀತು," ಎಂದರು. ಅವರ ಗಡ್ಡವೆಲ್ಲ ಒದ್ದೆಯಾಗಿತ್ತು. "ಒದೀತು ಬೇ ತಂಗಿ. ನನಗಾ ಒದೀತು ಅದು."